ಮಹಡಿಯ ಬಸ್ಸು



ನಮ್ಮ ದೇವಸ್ಥಾನಗಳ ತೇರನ್ನು ನೋಡದವರು ನಿಮ್ಮಲ್ಲಿ ಯಾರೂ ಇರಲಾರರು. ಅದರ ಗಾಲಿಗಳೂ ಅವುಗಳ ಮೇಲಣ ಕೆತ್ತನೆಯ ಪೀಠವೂ ಭಾರವಾದ ಮರದವು. ಗಗನವನ್ನು ಮುಟ್ಟುವಂತೆ ತೋರುವ ಮೇಲಿನ ಗೋಪುರವಾದರೋ ಬಿದಿರು, ಹಗ್ಗ, ಬಟ್ಟೆಗಳಿಂದ ಕಟ್ಟಿದ್ದು. ಈಗಲೋ ಆಗಲೋ ಉರುಳುವುದೆಂಬಂತೆ ಕಾಣುವ ತೇರು ರಥಬೀದಿಯನ್ನು ಸುತ್ತಿ ಸುಖವಾಗಿ ನೆಲೆಗೆ ಬರುವುದಕ್ಕೆ ಇದೇ ಕಾರಣ. ಭಾರವು ಕೆಳಗಿರಬೇಕು, ಎತ್ತರವು ಹಗುರವಾಗಿರಬೇಕು. ರಥಶಿಲ್ಪಿಗೆ ತಿಳಿದಿದ್ದ ಈ ಸೂತ್ರವೇ, ನಾವು ಇಂದು ವಿಚಾರಮಾಡಬೇಕೆಂದಿರುವ ಎರಡಂತಸ್ತಿನ ಬಸ್ಸಿಗೂ ಮೂಲಸೂತ್ರವಾಗಿದೆ.

ನಾವು ಚಿಕ್ಕವರಾಗಿದ್ದಾಗ ಬೆಂಗಳೂರಿನ ಬೀದಿಗಳಲ್ಲಿ ಇಂಥ ಬಸ್ಸುಗಳು ಓಡುತ್ತಿದ್ದವು. ಮಹಡಿಯ ಮುಂದಿನ ಆಸನ ದೊರೆತರೆ ನಮಗೆ ಅಂಬಾರಿಯೇ ದೊರೆತಂತೆ. ಆದರೆ ಜೊತೆಗೆ ಬಂದ ನಮ್ಮ ಅಜ್ಜಿಯವರು ಕೆಳಗೇ ನಿಂತು ಬರುತ್ತಿದ್ದರು. “ಮೇಲೆ ಜಾಗ ಇದೆ ಹೋಗಿ ಅಮ್ಮಾ” ಎಂದು ಕಂಡಕ್ಟರು ಹೇಳುವನು. ಜಾಗವೇನೋ ಇತ್ತು, ಅದು ಅವರ ಮೊಣಕಾಲಿಗೆ ನಿಲುಕುವಂತಿರಲಿಲ್ಲ. ಬಸ್ಸೆಂಬ ಮಾತು ಹುಟ್ಟಿದ್ದು ‘ಆಮ್ನಿಬಸ್’ ಎಂಬ ಲ್ಯಾಟಿನ್ ಪದದಿಂದ. ಅದಕ್ಕೆ ‘ಎಲ್ಲರಿಗಾಗಿ’ ಎಂದರ್ಥ. ಈ ವಾಹನವು ತನ್ನ ಹೆಸರಿಗೆ ಎಷ್ಟರಮಟ್ಟಿಗೆ ತಕ್ಕುದಾಗಿದೆಯೆಂಬುದೇ ಇಂದಿನ ನಮ್ಮ ಪ್ರಶ್ನೆ.

ಲಂಡನ್ನಿನಲ್ಲಿ ಷಿಲ್ಲಿಬೀರ್ ಎಂಬಾತನು ಕುದುರೆಯ ಆಮ್ನಿಬಸ್ಸನ್ನು ಓಡಿಸತೊಡಗಿದ್ದು 1829ರಲ್ಲಿ. ಒಳಗೆ ಸ್ಥಳ ಸಾಲದೆ ಜನರು ಮಾಳಿಗೆಯನ್ನೇರಿದರು. ಆಮೇಲೆ ಅಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂರುವ ಉದ್ದನೆಯ ಬೆಂಚು ಬಂದಿತು. ಅಂದರೆ ಮಹಡಿಯು ಮೊದಲು ಯೋಜನೆಯಿಂದ ಹುಟ್ಟಿದ್ದಲ್ಲ, ಇಕ್ಕಟ್ಟಿನಿಂದ ಹುಟ್ಟಿದ್ದು. 1910ರಲ್ಲಿ ಬಂದ ‘ಬಿ’ ಮಾದರಿಯ ಮೋಟಾರು ಬಸ್ಸಿನಲ್ಲಿ ಒಳಗೆ 16 ಮಂದಿಗೆ, ಮೇಲೆ ಬಯಲಿನಲ್ಲಿ 18 ಮಂದಿಗೆ ಆಸನಗಳಿದ್ದವು. ಮಳೆ ಬಂದರೆ ಮೇಲಿನವರ ಪಾಡು ದೇವರಿಗೇ ಪ್ರೀತಿ. ಮಹಡಿಗೆ ಸೂರು ಹೊದಿಸಿದರೆ ಬಸ್ಸು ಮಗುಚುವುದೆಂಬ ಭಯ ಅಧಿಕಾರಿಗಳನ್ನು ಬಹುಕಾಲ ಬಿಡಲಿಲ್ಲ. ಚೌಕಟ್ಟನ್ನು ನೆಲಕ್ಕೆ ತಗ್ಗಿಸಿ ಕಟ್ಟಿದ ‘ಎನ್‌ಎಸ್’ ಮಾದರಿಯು 1923ರಲ್ಲಿ ಬಂದ ಮೇಲೂ ಸೂರಿಗೆ ಅಪ್ಪಣೆ ದೊರೆಯಲು ಕೆಲವು ವರ್ಷ ಹಿಡಿಯಿತು.

ಆ ಭಯವನ್ನು ನೀಗಿಸಿದ್ದು ವಾದವಲ್ಲ, ಪರೀಕ್ಷೆ. ಮಹಡಿಯ ಆಸನಗಳು ಪೂರ್ಣ ತುಂಬಿದಷ್ಟು ಮರಳಿನ ಚೀಲಗಳನ್ನು ಮೇಲೆ ಹೇರಿ, ಕೆಳಗಿನ ಅಂತಸ್ತನ್ನು ಬರಿದಾಗಿ ಬಿಟ್ಟು, ಬಸ್ಸನ್ನು ಒಂದು ವೇದಿಕೆಯ ಮೇಲೆ 28 ಡಿಗ್ರಿಯವರೆಗೆ ವಾಲಿಸಿ ನೋಡುತ್ತಾರೆ. ಉರುಳದಿದ್ದರೆ ಮಾತ್ರ ತೇರ್ಗಡೆ. ಎಂಜಿನ್ನು, ಅಚ್ಚು, ಗಾಲಿಗಳೆಲ್ಲವೂ ತಳದಲ್ಲಿರುವುದರಿಂದ ಭಾರದ ಕೇಂದ್ರವು ನಾವು ಊಹಿಸುವುದಕ್ಕಿಂತ ಬಹಳ ಕೆಳಗಿರುತ್ತದೆ. ಮಹಡಿಯ ಬಸ್ಸಿಗೆ ನಿಜವಾದ ಶತ್ರು ತಗ್ಗಾದ ಸೇತುವೆ. ಇದಕ್ಕಾಗಿಯೇ 1927ರ ಲೇಲ್ಯಾಂಡ್ ಟೈಟನ್ ಬಸ್ಸಿನ ಮಹಡಿಯಲ್ಲಿ ನಡೆದಾಡುವ ಹಾದಿಯನ್ನು ಒಂದು ಪಕ್ಕಕ್ಕೆ ಸರಿಸಿ ಹಳ್ಳದಂತೆ ತಗ್ಗಿಸಿದರು. ಎತ್ತರವೇನೋ ಕಡಿಮೆಯಾಯಿತು, ಆದರೆ ಆ ಹಳ್ಳದ ಕೆಳಗೆ ಕುಳಿತವನು ಮರೆತು ಎದ್ದರೆ ತಲೆಗೆ ಪೆಟ್ಟು. ಒಬ್ಬರಿಗೆ ಅನುಕೂಲವಾದರೆ ಇನ್ನೊಬ್ಬರಿಗೆ ತೊಡಕು: ಈ ಶಿಲ್ಪದ ಕಥೆಯೆಲ್ಲ ಇಷ್ಟೇ.

ಈ ಕಥೆಯ ಉತ್ತಮ ಅಧ್ಯಾಯವೆಂದರೆ ಲಂಡನ್ನಿನ ರೂಟ್‌ಮಾಸ್ಟರ್. ಮೊದಲ ಮಾದರಿ 1954ರಲ್ಲಿ ಸಿದ್ಧವಾಗಿ, 1968ರೊಳಗೆ ಒಟ್ಟು 2,876 ಬಸ್ಸುಗಳು ತಯಾರಾದವು. ಎರಡನೆಯ ಮಹಾಯುದ್ಧದಲ್ಲಿ ಲಂಡನ್ ಸಾರಿಗೆಯವರು ಹ್ಯಾಲಿಫ್ಯಾಕ್ಸ್ ವಿಮಾನಗಳ ನಿರ್ಮಾಣದಲ್ಲಿ ಪಾಲ್ಗೊಂಡಿದ್ದರು. ಆ ಅನುಭವ ಇಲ್ಲಿ ಫಲಿಸಿತು. ಪ್ರತ್ಯೇಕವಾದ ಉಕ್ಕಿನ ಚೌಕಟ್ಟನ್ನು ಕೈಬಿಟ್ಟು, ಅಲ್ಯೂಮಿನಿಯಮ್ಮಿನ ಮೈಯೇ ಭಾರವನ್ನು ಹೊರುವಂತೆ ಮಾಡಿದರು. ಬಿದಿರು ಟೊಳ್ಳಾಗಿದ್ದೂ ಗಟ್ಟಿಯಾಗಿರುವುದಿಲ್ಲವೇ, ಹಾಗೆ. ಹಿಂದಿನ ‘ಆರ್‌ಟಿ’ ಬಸ್ಸಿನಲ್ಲಿ 56 ಆಸನಗಳಿದ್ದರೆ ಇದರಲ್ಲಿ 64. ಆದರೂ ತೂಕ ಹೆಚ್ಚಲಿಲ್ಲ. ಚಾಲಕನ ತೋಳಿನ ಶ್ರಮವನ್ನು ತಗ್ಗಿಸಲು ಯಂತ್ರದ ನೆರವುಳ್ಳ ಸ್ಟಿಯರಿಂಗ್, ತಾನೇ ಬದಲಾಗುವ ಗೇರುಗಳು ಬಂದವು. ಸುಮಾರು 27 ಅಡಿ ಉದ್ದದ ಬೀದಿಯಲ್ಲಿ ಎರಡು ಕಾರುಗಳು ನಿಂತಾವು. ಅದೇ ನೆಲದಲ್ಲಿ ಈ ಬಸ್ಸು 64 ಮಂದಿಯನ್ನು ಕೂರಿಸಿಕೊಂಡು ಹೋಗುತ್ತಿತ್ತು. ಮಹಡಿಯ ಬಸ್ಸಿನ ಪರವಾಗಿ ಇದಕ್ಕಿಂತ ಬೇರೆ ವಕಾಲತ್ತು ಬೇಕಿಲ್ಲ.

ರೂಟ್‌ಮಾಸ್ಟರಿನ ಹಿಂಬದಿಯಲ್ಲಿ ಬಾಗಿಲಿಲ್ಲದ ತೆರೆದ ಕಟ್ಟೆಯಿತ್ತು. ಜನರು ಸರಕ್ಕನೆ ಹತ್ತಿ ಇಳಿಯುವರು. ಕಂಡಕ್ಟರು ಬಸ್ಸು ಹೊರಟ ಮೇಲೆ ಹಣ ವಸೂಲು ಮಾಡುವನು. ನಿಲ್ದಾಣದಲ್ಲಿ ಹೊತ್ತು ಹಾಳಾಗುತ್ತಿರಲಿಲ್ಲ. ಎಂಜಿನ್ನನ್ನು ಹಿಂದಕ್ಕೂ ಬಾಗಿಲನ್ನು ಮುಂದಕ್ಕೂ ತಂದ ಲೇಲ್ಯಾಂಡ್ ಅಟ್ಲಾಂಟಿಯನ್ 1958ರಲ್ಲಿ ಬಳಕೆಗೆ ಬಂದಿತು. 1966ರಲ್ಲಿ ಬ್ರಿಟನ್ನಿನಲ್ಲಿ ಒಬ್ಬನೇ ಮನುಷ್ಯನು ಇಂಥ ಬಸ್ಸನ್ನು ನಡೆಸಲು ಅನುಮತಿ ದೊರೆಯಿತು. ಸಂಬಳದಲ್ಲಿ ಉಳಿತಾಯವಾಯಿತು, ಆದರೆ ಚಾಲಕನು ಚಿಲ್ಲರೆ ಎಣಿಸುವಾಗ ಬಸ್ಸು ತುಂಬ ಜನರೂ ಕಾಯಬೇಕಾಯಿತು.

2005ರ ಡಿಸೆಂಬರ್ 9ರಂದು ರೂಟ್‌ಮಾಸ್ಟರ್ ಲಂಡನ್ನಿನ ನಿತ್ಯಸೇವೆಯಿಂದ ನಿವೃತ್ತವಾದಾಗ ಅನೇಕರು ಮರುಗಿದರು. ನಮಗೂ ಆ ಬಸ್ಸಿನ ಮೇಲೆ ಅಭಿಮಾನವುಂಟು. ಆದರೂ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ತರುಣನು ಹಾರಿ ಹತ್ತುತ್ತಿದ್ದ ಆ ಕಟ್ಟೆಗೆ ಗಾಲಿಕುರ್ಚಿಯವನು ಒಮ್ಮೆಯೂ ಏರಲಾರದೆ ಇದ್ದನು. ಇಂದಿನ ಬಸ್ಸಿನ ತಗ್ಗಾದ ನೆಲವೂ ಹೊರಕ್ಕೆ ಚಾಚುವ ಹಲಗೆಯೂ ಅವನನ್ನು ಮೊದಲ ಬಾರಿಗೆ ಪ್ರಯಾಣಿಕನೆಂದು ಎಣಿಸಿವೆ. ಸೊಗಸು ಕಳೆದುದು ನಿಜ. ‘ಎಲ್ಲರಿಗಾಗಿ’ ಎಂಬ ಹೆಸರು ಸ್ವಲ್ಪ ಹೆಚ್ಚು ಸತ್ಯವಾದುದೂ ನಿಜ.

ನಮ್ಮ ದೇಶದಲ್ಲಿ ಮುಂಬಯಿಯ ಬೆಸ್ಟ್ ಸಂಸ್ಥೆಯು 1937ರಲ್ಲಿ ಮಹಡಿಯ ಬಸ್ಸುಗಳನ್ನು ಬೀದಿಗಿಳಿಸಿತು. ಅದರ ಡೀಸೆಲ್ ಬಸ್ಸುಗಳಲ್ಲಿ ಕಡೆಯವು 2023ರ ಸೆಪ್ಟೆಂಬರ್ 15ರಂದು ಜನರ ಹೂಮಾಲೆಗಳ ನಡುವೆ ನಿಂತುಹೋದವು. ಅದೇ ವರ್ಷ ಫೆಬ್ರವರಿಯಲ್ಲಿ ಅಲ್ಲಿ ವಿದ್ಯುತ್ತಿನಿಂದ ಓಡುವ ಹೊಸ ಮಹಡಿ ಬಸ್ಸುಗಳು ಬಂದಿದ್ದವು. ಇವುಗಳಿಗೆ ಬಾಗಿಲೂ ಎರಡು, ಮೆಟ್ಟಿಲಸಾಲೂ ಎರಡು. ಇಳಿಯುವವನೂ ಏರುವವನೂ ನಡುದಾರಿಯಲ್ಲಿ ಸೆಣಸಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಅಜ್ಜಿಯವರ ಪ್ರಶ್ನೆ ಉಳಿಯುತ್ತದೆ. ಮೆಟ್ಟಿಲನ್ನು ಎಷ್ಟು ಸುಲಭ ಮಾಡಿದರೂ ಅದು ಮೆಟ್ಟಿಲೇ. ಆದರೆ ಇದಕ್ಕೆ ಉತ್ತರ ಶಿಲ್ಪಿಯ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ. ಏರಬಲ್ಲವರೆಲ್ಲರೂ ಏರಿದರೆ ಕೆಳಗಿನ ಆಸನ ಏರಲಾರದವರಿಗೆ ತಾನಾಗಿ ಉಳಿಯುತ್ತದೆ. ಅಂದು ಅಂಬಾರಿಯ ಸಂಭ್ರಮದಲ್ಲಿದ್ದ ನಾವು ಇದನ್ನು ಅರಿತಿರಲಿಲ್ಲ. ನಾವು ಮೇಲೆ ಕುಳಿತದ್ದು ತಪ್ಪಲ್ಲ. ಕೆಳಗೆ ಅಜ್ಜಿಯವರ ಪಕ್ಕದಲ್ಲಿ ಗಟ್ಟಿಮುಟ್ಟಾದ ಗೃಹಸ್ಥರೊಬ್ಬರು ಆಸನದಲ್ಲಿ ಕುಳಿತೇ ಇದ್ದುದು ತಪ್ಪು. ಈಗ ಆ ಗೃಹಸ್ಥರ ವಯಸ್ಸು ನಮಗೇ ಬಂದಿದೆ. ಎಲ್ಲಿಯಾದರೂ ಇಂಥ ಬಸ್ಸನ್ನು ಹತ್ತಿದಾಗ ಮೊಣಕಾಲು ಸ್ವಲ್ಪ ಗೊಣಗಿದರೂ ನಾವು ಮಹಡಿಗೇ ಹೋಗುತ್ತೇವೆ.