ಊರ ನಡು ಊರಿಗೇ ಉಳಿಯಲಿ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ಊರಿನವರು ಒಂದೇ ಚಪ್ಪರದಡಿ ಕೂತು ತಮ್ಮ ಪೇಟೆಗಳ ಬಗ್ಗೆ ಮಾತಾಡುವ ಈ ಸಮಾವೇಶಕ್ಕೆ ನನ್ನನ್ನು ಅಧ್ಯಕ್ಷನಾಗಿ ಕರೆದಿದ್ದೀರಿ. ನಮ್ಮ ನಾಲ್ಕು ತಾಲ್ಲೂಕುಗಳನ್ನು ಶಿಕ್ಷಣ ಇಲಾಖೆ ಬಹಳ ಹಿಂದೆಯೇ ಒಂದು ಜಿಲ್ಲೆಯೆಂದು ಕಂಡಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ತುಮಕೂರಿನಿಂದ ಬೇರೆಯಾಗಿಯೇ ಬರುತ್ತದೆ. ನಗರಾಭಿವೃದ್ಧಿಯ ವಿಷಯದಲ್ಲಿ ಮಾತ್ರ ನಾವು ಒಂಟೊಂಟಿ. ಶಿರಾಕ್ಕೆ ನಗರಸಭೆ, ಮಧುಗಿರಿಗೂ ಪಾವಗಡಕ್ಕೂ ಪುರಸಭೆ, ಕೊರಟಗೆರೆಗೆ ಪಟ್ಟಣ ಪಂಚಾಯಿತಿ. 2011ರ ಜನಗಣತಿಯ ಪ್ರಕಾರ ನಾಲ್ಕೂ ಊರು ಸೇರಿದರೆ ಸುಮಾರು 1.3 ಲಕ್ಷ ಜನ. ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಅದರ ಪಕ್ಕದ ವಸಂತನರಸಾಪುರ ದೊಡ್ಡ ಕೈಗಾರಿಕಾ ಪ್ರದೇಶವಾಗಿ ಬೆಳೆದಿದೆ. ಬೆಂಗಳೂರು ಹೀಗೆ ವಾಯವ್ಯಕ್ಕೆ ಕೈಚಾಚುತ್ತಿರುವಾಗ ನಮ್ಮ ಊರುಗಳಿಗೆ ಮೊದಲು ತಲುಪಿದ್ದು ಉದ್ಯೋಗವಲ್ಲ, ನಿವೇಶನದ ದರ. ಹೊಲಗಳು ಬಡಾವಣೆಯಾಗುತ್ತಿವೆ. ಊರ ನಡುವಿನ ಹಳೆಯ ಪೇಟೆ ಮಾತ್ರ ಧೂಳು, ಚರಂಡಿ, ಟ್ರಾಫಿಕ್ಕಿನ ತಾಣವೆಂಬ ಹೆಸರು ಹೊತ್ತು ಕೂತಿದೆ.

ನಾನು ಈ ದಿನ ಹೇಳಬೇಕೆಂದಿರುವುದು ಒಂದೇ ಮಾತು. ಪೇಟೆಯ ನವೀಕರಣವೆಂದರೆ ಅಲ್ಲಿ ಬದುಕುವವರನ್ನೂ ಅಲ್ಲಿಗೆ ಬಂದುಹೋಗುವವರನ್ನೂ ಅಲ್ಲೇ ಉಳಿಸಿಕೊಳ್ಳುವುದು. ಉಳಿದದ್ದೆಲ್ಲ, ಅಂದರೆ ರಸ್ತೆ, ದೀಪ, ಕಾಂಪ್ಲೆಕ್ಸು, ಸರ್ಕಲ್ಲಿನ ಕಾರಂಜಿ, ಅದಕ್ಕೆ ನೆರವಾದರೆ ಬೇಕು, ನೆರವಾಗದಿದ್ದರೆ ಬೇಡ.

ಜನರನ್ನು ಕಳೆದುಕೊಂಡ ಊರಿನ ಗತಿ ಏನೆಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ, ಶಿರಾದ ಚರಿತ್ರೆಯೇ ಸಾಕು. ರತ್ನಗಿರಿಯ ಕಸ್ತೂರಿ ರಂಗಪ್ಪನಾಯಕ ಅಲ್ಲಿ ಕೋಟೆಗೂ ಪೇಟೆಗೂ ಅಡಿಪಾಯ ಹಾಕಿದ. ಕೆಲಸ ಮುಗಿಯುವ ಮೊದಲೇ, 1638ರಲ್ಲಿ, ಬಿಜಾಪುರದ ರಣದುಲ್ಲಾ ಖಾನ್ ಅದನ್ನು ಗೆದ್ದುಕೊಂಡ. 1687ರಲ್ಲಿ ಮೊಗಲರು ಬಂದರು. ತುಂಗಭದ್ರೆಯ ದಕ್ಷಿಣದಲ್ಲಿ ಅವರು ಕಟ್ಟಿದ ಪ್ರಾಂತ್ಯಕ್ಕೆ ಶಿರಾ ರಾಜಧಾನಿಯಾಯಿತು. ಬಸವಾಪಟ್ಟಣ, ಬೂದಿಹಾಳು, ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಮತ್ತು ಶಿರಾ ಸೇರಿ ಏಳು ಪರಗಣೆಗಳ ಆಡಳಿತ ಆ ಊರಿಂದ ನಡೆಯುತ್ತಿತ್ತು. ಬಿಜಾಪುರದ ಕಾಲದ ಅಧಿಕಾರಿ ಮಲಿಕ್ ರಿಹಾನನ ಗೋರಿ 1651ರದು, ಜುಮ್ಮಾ ಮಸೀದಿ 1696ರದು. ದಿಲಾವರ್ ಖಾನ್ ಸುಬೇದಾರನಾಗಿದ್ದ ಹದಿನೆಂಟನೆಯ ಶತಮಾನದ ದಶಕಗಳಲ್ಲಿ ಅಲ್ಲಿ 50 ಸಾವಿರ ಮನೆಗಳಿದ್ದವು ಎಂದು ಹಳೆಯ ಗೆಜೆಟಿಯರ್ ಬರೆದಿದೆ. ಲೆಕ್ಕದಲ್ಲಿ ಉತ್ಪ್ರೇಕ್ಷೆ ಇರಬಹುದು, ಆದರೆ ದೊಡ್ಡ ನಗರವಾಗಿತ್ತೆಂಬುದರಲ್ಲಿ ಅನುಮಾನವಿಲ್ಲ. ಅಲ್ಲಿನ ಖಾನ್ ಬಾಗ್ ತೋಟವೇ ಬೆಂಗಳೂರಿನ ಲಾಲ್‌ಬಾಗಿಗೆ ಪ್ರೇರಣೆ ಎನ್ನುತ್ತಾರೆ. ಮಳೆ ಕಡಿಮೆಯ ಈ ಬಯಲಿನಲ್ಲಿ, ಕೆರೆಯ ನೀರನ್ನು ನೆಚ್ಚಿ, ಬೆಂಗಳೂರಿಗೇ ಮಾದರಿ ಕೊಟ್ಟ ಊರು ಅದು.

ಆಮೇಲೆ ಮರಾಠರು, ಹೈದರಲಿ, ಮತ್ತೆ ಮರಾಠರು, ಕೊನೆಗೆ ಟಿಪ್ಪು. ಕೈ ಬದಲಾದಂತೆಲ್ಲ ಊರು ಬಸವಳಿಯಿತು. ಅದರ ಮೇಲೆ, ಶ್ರೀರಂಗಪಟ್ಟಣದ ಪಕ್ಕದಲ್ಲಿ ಗಂಜಾಂ ಎಂಬ ಹೊಸ ಊರು ತುಂಬಿಸಲು ಟಿಪ್ಪು ಶಿರಾದಿಂದ 12 ಸಾವಿರ ಕುಟುಂಬಗಳನ್ನು ಸಾಗಿಸಿದನೆಂದು ಅದೇ ಗೆಜೆಟಿಯರ್ ಹೇಳುತ್ತದೆ. ನೇಕಾರ, ಬಡಗಿ, ವ್ಯಾಪಾರಿ ಎಲ್ಲರೂ ಹೊರಟ ಮೇಲೆ ಕೋಟೆ ಇದ್ದಲ್ಲೇ ಇತ್ತು, ಮಸೀದಿ ಇತ್ತು, ಕೆರೆಯೂ ಇತ್ತು. ನಗರ ಮಾತ್ರ ಇರಲಿಲ್ಲ. ಎರಡು ಶತಮಾನ ದಾಟಿದ ಮೇಲೂ, 2011ರಲ್ಲಿ, ಶಿರಾದ ಜನಸಂಖ್ಯೆ 57 ಸಾವಿರ ಚಿಲ್ಲರೆ.

ಇವತ್ತು ಯಾರೂ ಸೈನ್ಯ ಕಳಿಸಿ ಜನರನ್ನು ಒಕ್ಕಲೆಬ್ಬಿಸುವುದಿಲ್ಲ. ಆದರೆ ಕಚೇರಿಯ ಕಡತದಲ್ಲಿ ಅದೇ ಕೆಲಸ ನಿಧಾನವಾಗಿ ನಡೆಯುತ್ತದೆ. ನಮ್ಮ ರಾಜ್ಯದ ಎಷ್ಟೋ ತಾಲ್ಲೂಕು ಕೇಂದ್ರಗಳಲ್ಲಿ ನೋಡಿ: ಜಾಗ ಸಿಕ್ಕಿತೆಂದು ತಾಲ್ಲೂಕು ಕಚೇರಿ ಊರಾಚೆಗೆ ಹೋಗುತ್ತದೆ, ಅದರ ಹಿಂದೆ ಕೋರ್ಟು, ಆಮೇಲೆ ಬಸ್ ನಿಲ್ದಾಣ, ಕಡೆಗೆ ಸಂತೆ. ಪಹಣಿಗೆ ಬಂದ ರೈತ ಪಹಣಿ ತೆಗೆದುಕೊಂಡು, ಅಲ್ಲೇ ಪಕ್ಕದಲ್ಲಿ ಬಿತ್ತನೆ ಬೀಜ ಕೊಂಡು, ಮಗಳಿಗೆ ಬಳೆ, ಮನೆಗೆ ಕಾಫಿಪುಡಿ ಕಟ್ಟಿಸಿಕೊಂಡು, ಹೋಟೆಲಿನಲ್ಲಿ ಒಂದು ಇಡ್ಲಿ ತಿಂದು ಹೋಗುತ್ತಿದ್ದ. ಕಚೇರಿ ಮೂರು ಕಿಲೋಮೀಟರ್ ಆಚೆಗೆ ಹೋದರೆ ಅವನು ಆಟೋ ಬಾಡಿಗೆ ಕೊಟ್ಟು ಹೋಗಿ, ಹಾಗೇ ಬಸ್ಸು ಹತ್ತುತ್ತಾನೆ. ಬೀಜದ ಅಂಗಡಿಗೂ ಬಳೆ ಅಂಗಡಿಗೂ ಹೋಟೆಲಿಗೂ ಅವತ್ತಿನ ವ್ಯಾಪಾರ ಹೋಯಿತು. ಹೀಗೆ ಹತ್ತು ವರ್ಷ ನಡೆದರೆ ಪೇಟೆಬೀದಿಯಲ್ಲಿ ಬಾಗಿಲು ಮುಚ್ಚಿದ ಮಳಿಗೆಗಳು ಉಳಿಯುತ್ತವೆ. ಆಮೇಲೆ ನಾವೇ ಯೋಜನಾ ವರದಿ ಬರೆಸಿ, ಪೇಟೆಗೆ ಜೀವ ತುಂಬಲು ಅನುದಾನ ಕೇಳುತ್ತೇವೆ. ನಾಲ್ಕೂ ಊರಿನ ಜನಪ್ರತಿನಿಧಿಗಳಿಗೆ ನನ್ನ ಮೊದಲ ಮನವಿ ಇದು: ಜನ ದಿನವೂ ಬಂದುಹೋಗುವ ಯಾವ ಕಚೇರಿಯನ್ನೂ ಊರಾಚೆಗೆ ಕಳಿಸಬೇಡಿ. ಹಳೆಯ ಕಟ್ಟಡ ಸಾಲದಿದ್ದರೆ ಅಲ್ಲೇ ಮಹಡಿ ಏರಿಸಿ.

ಇನ್ನು ರಸ್ತೆ ಅಗಲೀಕರಣ. ಕೊರಟಗೆರೆಯಂಥ ಊರಲ್ಲಿ ತುಮಕೂರು–ಮಧುಗಿರಿ ದಾರಿಯೇ ಪೇಟೆಬೀದಿ. ಲಾರಿಯೂ ಶಾಲೆಯ ಮಗುವೂ ಒಂದೇ ಜಾಗದಲ್ಲಿ ಓಡಾಡಬೇಕು. ಕಷ್ಟ ನಿಜ. ಅದಕ್ಕೆ ಪರಿಹಾರ ದೊಡ್ಡ ವಾಹನಗಳಿಗೆ ಹೊರದಾರಿ ಕೊಡುವುದು, ಪೇಟೆಯ ಎರಡೂ ಬದಿಯ ಮನೆಗಳನ್ನು ಒಡೆಯುವುದಲ್ಲ. ನೂರು ವರ್ಷದ ಹಿಂದೆ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ ಎಂಬ ನಗರಯೋಜಕರು ಮದ್ರಾಸ್ ಪ್ರಾಂತ್ಯದ ಊರುಗಳನ್ನು ಅಧ್ಯಯನ ಮಾಡಿ 1915ರಲ್ಲಿ ವರದಿ ಕೊಟ್ಟರು. ನಮ್ಮ ಬಳ್ಳಾರಿಯೂ ಅದರಲ್ಲಿತ್ತು. ಇಂಜಿನಿಯರರು ನಕ್ಷೆಯ ಮೇಲೆ ಸೀಳುಗೆರೆ ಎಳೆದು ನೇರ ರಸ್ತೆ ಮಾಡಲು ಹೊರಟಲ್ಲೆಲ್ಲ ಅವರು ಗಲ್ಲಿಗಲ್ಲಿ ಕಾಲ್ನಡಿಗೆಯಲ್ಲಿ ಸುತ್ತಿದರು. ಬಿದ್ದುಹೋದ ಮನೆಯ ಜಾಗವನ್ನು ಸಣ್ಣ ಬಯಲಾಗಿ ಬಿಡಿಸಿ, ಬಾವಿಯ ಸುತ್ತ ಚೊಕ್ಕಟ ಮಾಡಿ, ಒಂದು ಮರ ನೆಟ್ಟು, ಉಳಿದ ಮನೆಗಳನ್ನು ಮುಟ್ಟದೆ ಬಿಡಿ ಎಂದರು. ಖರ್ಚೂ ಹಲವು ಪಟ್ಟು ಕಡಿಮೆ ಎಂದು ಲೆಕ್ಕ ಸಮೇತ ತೋರಿಸಿದರು. ನಮ್ಮ ಪೇಟೆಗಳಿಗೆ ಇವತ್ತಿಗೂ ಇದಕ್ಕಿಂತ ಒಳ್ಳೆಯ ಚಿಕಿತ್ಸೆ ನನಗೆ ಕಾಣದು.

ರಸ್ತೆ ಮಾಡುವ ರೀತಿಯೂ ತಪ್ಪಿದೆ. ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಮೇಲೆ ಮೇಲೆ ಪದರ ಹಾಕಿದ್ದರಿಂದ ಬೀದಿಯ ಮಟ್ಟ ಏರಿದೆ, ಮನೆಗಳ ಹೊಸ್ತಿಲು ತಗ್ಗಿಗೆ ಬಿದ್ದಿದೆ. ಜೋರು ಮಳೆ ಬಂದರೆ ನೀರು ಮೊದಲು ನುಗ್ಗುವುದು ಹಳೆಯ ಮನೆಯ ಪಡಸಾಲೆಗೆ. ಕಾಂಕ್ರೀಟ್ ಹಾಕಿದ ಆರು ತಿಂಗಳಿಗೆ ಒಳಚರಂಡಿಗೆಂದು ಅಗೆಯುತ್ತಾರೆ, ಆಮೇಲೆ ಕುಡಿಯುವ ನೀರಿನ ಪೈಪಿಗೆ, ಆಮೇಲೆ ಕೇಬಲ್ಲಿಗೆ. ನೆಲದಡಿಯ ಕೆಲಸ ಪೂರ್ತಿ ಮುಗಿದ ಮೇಲೆಯೇ ಮೇಲಿನ ಕೆಲಸ ಎಂಬ ಒಂದು ನಿಯಮವನ್ನು ನಮ್ಮ ನಾಲ್ಕು ಸ್ಥಳೀಯ ಸಂಸ್ಥೆಗಳು ನಿರ್ಣಯ ಮಾಡಿ ಪಾಲಿಸಿದರೆ ಅದೇ ಅರ್ಧ ಅಭಿವೃದ್ಧಿ. ಈ ಚರಂಡಿಗಳು ಕೊನೆಗೆ ಎಲ್ಲಿಗೆ ಹೋಗುತ್ತವೆ ಎಂಬುದನ್ನೂ ಕೇಳಬೇಕು. ಹೇಮಾವತಿ ನೀರು ನೂರಾರು ಕಿಲೋಮೀಟರ್ ಹರಿದು ಬಂದು ಶಿರಾದ ಕೆರೆ ತುಂಬಬೇಕು, ಮಧುಗಿರಿಯ ಸಿದ್ದಾಪುರ ಕೆರೆ ತುಂಬಬೇಕು. ಆ ನೀರಿಗಾಗಿ ಎಷ್ಟು ಹೋರಾಟ, ಎಷ್ಟು ಚುನಾವಣೆ ನಡೆದಿವೆ ಎಂದು ನಿಮಗೆ ಗೊತ್ತು. ಅಷ್ಟು ಕಷ್ಟಪಟ್ಟು ನೀರು ತರುವ ನಾವು ಊರ ಕೊಳೆಯನ್ನು ಶುದ್ಧಮಾಡದೆ ಕೆರೆ ಕಾಲುವೆಗೆ ಬಿಡುವುದು ಅಕ್ಷಮ್ಯ. ಫ್ಲೋರೈಡ್ ನೀರು ಕುಡಿದು ಹಲ್ಲು, ಮೂಳೆ ಕೆಡಿಸಿಕೊಂಡ ಪಾವಗಡದವರ ಮುಂದೆ ನೀರಿನ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಪೇಟೆಯನ್ನು ಚೆಂದ ಮಾಡುವಾಗ ಮೊದಲು ಎತ್ತಂಗಡಿಯಾಗುವವರು ಬೀದಿ ವ್ಯಾಪಾರಿಗಳು. ಹೂವು, ಸೊಪ್ಪು, ಬಿಸಿ ಕಡಲೆಕಾಯಿ ಮಾರುವವರಿಲ್ಲದ ಪೇಟೆಗೆ ಸಂಜೆ ಯಾರು ಬರುತ್ತಾರೆ? ಅವರ ಬೆನ್ನಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ. ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಊರಿನ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತು ಸ್ಥಾನ ಬೀದಿ ವ್ಯಾಪಾರಿಗಳಿಗೇ ಮೀಸಲು, ಅದರಲ್ಲಿ ಮೂರನೆಯ ಒಂದು ಭಾಗ ಹೆಣ್ಣುಮಕ್ಕಳಿಗೆ. ಜನಸಂಖ್ಯೆಯ ಶೇಕಡಾ 2.5ರವರೆಗೆ ವ್ಯಾಪಾರಿಗಳಿಗೆ ಜಾಗ ಒದಗಿಸಬೇಕೆಂದು ಕಾಯ್ದೆ ಹೇಳುತ್ತದೆ. ಶಿರಾದ 2011ರ ಲೆಕ್ಕಕ್ಕೇ ಅದು 1,400ಕ್ಕಿಂತ ಹೆಚ್ಚು. ಇಲ್ಲಿ ಕೂತಿರುವ ಬೀದಿ ವ್ಯಾಪಾರಿ ತಾಯಂದಿರಿಗೆ ಹೇಳುತ್ತೇನೆ: ಫುಟ್‌ಪಾತಿನಲ್ಲಿ ನೀವು ಕೂತಿರುವುದು ಯಾರ ದಯೆಯಿಂದಲೂ ಅಲ್ಲ.

ಮಧುಗಿರಿಯ ವಿಷಯ ಸ್ವಲ್ಪ ಬೇರೆ. 3,930 ಅಡಿಯ ಏಕಶಿಲಾ ಬೆಟ್ಟ ಪೇಟೆಯ ಬೆನ್ನಿಗೇ ನಿಂತಿದೆ. ವಾರದ ಕೊನೆಗೆ ಬೆಂಗಳೂರಿನ ಹುಡುಗರು ನಸುಕಿಗೇ ಬಂದು ಕೋಟೆ ಹತ್ತಿ, ಮಧ್ಯಾಹ್ನದ ಹೊತ್ತಿಗೆ ಕಾರು ತಿರುಗಿಸುತ್ತಾರೆ. ಬೆಟ್ಟದ ಬುಡದಿಂದ ಊರೊಳಗಿನ ವೆಂಕಟರಮಣ, ಮಲ್ಲೇಶ್ವರ ದೇವಾಲಯಗಳವರೆಗೆ, ಅಲ್ಲಿಂದ ಪೇಟೆಯವರೆಗೆ ನೆರಳಿರುವ ಒಂದು ಕಾಲುದಾರಿ, ಸ್ವಚ್ಛ ಶೌಚಾಲಯ, ಕುಡಿಯುವ ನೀರು, ಹೂಳು ತೆಗೆದ ಹಳೆಯ ಕಲ್ಯಾಣಿಗಳು, ಅವುಗಳ ಪಕ್ಕ ಒಂದು ಫಲಕ ಇದ್ದರೆ ಅವರು ಸಂಜೆಯವರೆಗೆ ಉಳಿದಾರು. ರೋಪ್‌ವೇ ಮಾತು ಬಹಳ ವರ್ಷಗಳಿಂದ ಕೇಳುತ್ತಿದ್ದೇವೆ. ಬರುವುದಾದರೆ ಬರಲಿ, ಆದರೆ ಶೌಚಾಲಯ ಅದಕ್ಕಿಂತ ಮೊದಲು ಬರಲಿ.

ಇಲ್ಲಿ ಒಂದು ತೊಡಕೂ ಇದೆ. ಮಧುಗಿರಿಯ ಕೋಟೆ, ಶಿರಾದ ಮಸೀದಿ ಮತ್ತು ಗೋರಿ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. 2010ರ ತಿದ್ದುಪಡಿಯ ಪ್ರಕಾರ ಅವುಗಳ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು, ಅದರಾಚೆಯ 200 ಮೀಟರಿಗೆ ಅನುಮತಿ ಬೇಕು. ಸ್ಮಾರಕ ಉಳಿಯಲು ಇದು ಅಗತ್ಯ, ನಾನು ಇದನ್ನು ಬೆಂಬಲಿಸುತ್ತೇನೆ. ಆದರೆ ಹೆಂಚು ಜಾರಿದ ಮನೆಯನ್ನು ರಿಪೇರಿ ಮಾಡಿಸಲು ಕಾನೂನು ಅವಕಾಶ ಕೊಟ್ಟಿದೆಯೆಂಬುದು ಬಡ ಮನೆಯವರಿಗೆ ತಿಳಿದಿಲ್ಲ. ಹೆದರಿ ಸುಮ್ಮನಿರುತ್ತಾರೆ, ಮನೆ ಬೀಳುತ್ತದೆ, ಕುಟುಂಬ ಬಡಾವಣೆಗೆ ಹೋಗುತ್ತದೆ. ರಿಪೇರಿಯ ಅರ್ಜಿ ತುಂಬಿಕೊಡಲು ಪುರಸಭೆಯಲ್ಲಿ ಒಬ್ಬ ಗುಮಾಸ್ತರನ್ನು ಕೂರಿಸಲು ಎಷ್ಟು ಖರ್ಚಾದೀತು?

ಪಾವಗಡದ ಪೇಟೆಯ ಗಿರಾಕಿ ಅರ್ಧ ಆಂಧ್ರದವನು. ತಾಲ್ಲೂಕಿನ ಹೆಚ್ಚಿನ ಗಡಿ ಆ ರಾಜ್ಯದ್ದೇ. ಅಂಗಡಿಯಲ್ಲಿ ಕನ್ನಡದಲ್ಲಿ ಶುರುವಾದ ಚೌಕಾಸಿ ತೆಲುಗಿನಲ್ಲಿ ಮುಗಿಯುತ್ತದೆ. ಶನಿಮಹಾತ್ಮನ ಗುಡಿಗೆ ಎರಡೂ ಕಡೆಯ ಭಕ್ತರು ಬರುತ್ತಾರೆ. ನಮ್ಮ ಯೋಜನಾ ನಕ್ಷೆ ಮಾತ್ರ ಗಡಿ ಕಲ್ಲಿಗೆ ನಿಂತುಬಿಡುತ್ತದೆ. ತುಮಕೂರು–ರಾಯದುರ್ಗ ರೈಲು ಮಾರ್ಗ ಕೊರಟಗೆರೆ, ಮಧುಗಿರಿ, ಆಂಧ್ರದ ಮಡಕಶಿರಾ, ಪಾವಗಡಗಳನ್ನು ಒಂದೇ ದಾರಕ್ಕೆ ಪೋಣಿಸಬೇಕಾದ ಯೋಜನೆ. ಅದರ ನಿಲ್ದಾಣಗಳಿಂದ ಪೇಟೆಗೆ ಜನ ಹೇಗೆ ಬರುತ್ತಾರೆಂಬುದನ್ನು ಈಗಲೇ ಯೋಚಿಸದಿದ್ದರೆ ನಿಲ್ದಾಣದ ಸುತ್ತ ಇನ್ನೊಂದು ಊರು ಎದ್ದು ಹಳೆಯದು ಸೊರಗುತ್ತದೆ. ಪಾವಗಡ ತಾಲ್ಲೂಕಿನ ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲುಗಳ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ ಹುಟ್ಟುತ್ತಿದೆ. ಜಮೀನು ಕೊಟ್ಟ ರೈತರಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಗುತ್ತಿಗೆ ಶುರುವಾಯಿತು. ರಾಜ್ಯಕ್ಕೆ ಬೆಳಕು ಕೊಡುವ ತಾಲ್ಲೂಕಿನ ಪೇಟೆಬೀದಿಯಲ್ಲಿ ದೀಪ ಕೆಡಬಾರದು, ಜಮೀನಿಲ್ಲದ ಕೂಲಿಯವನಿಗೆ ಆ ಪೇಟೆಯಲ್ಲಾದರೂ ಒಂದು ಕಸುಬು ಸಿಗಬೇಕು. ಈ ಬೇಡಿಕೆಯನ್ನು ಪಾವಗಡದವರು ಗಟ್ಟಿಯಾಗಿ ಇಡಬೇಕು, ಉಳಿದ ಮೂರು ಊರಿನವರು ಅವರ ಜೊತೆ ನಿಲ್ಲಬೇಕು. ರಾಜ್ಯದ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ 2002ರ ನಂಜುಂಡಪ್ಪ ಸಮಿತಿ ಪಾವಗಡ, ಶಿರಾ, ಮಧುಗಿರಿಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು ಹೆಸರಿಸಿದೆ. ಅನುದಾನ ಕೇಳುವುದು ನಮ್ಮ ಹಕ್ಕು.

ಕೊನೆಯದಾಗಿ, ಇದನ್ನೆಲ್ಲ ಯಾರು ತೀರ್ಮಾನಿಸಬೇಕು? ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ಪಟ್ಟಣಗಳಿಗೆ ಸ್ವಂತ ಆಡಳಿತದ ಹಕ್ಕು ಕೊಟ್ಟಿತು. ಆದರೆ ವಾರ್ಡ್ ಸಮಿತಿ ಕಡ್ಡಾಯವಾದದ್ದು ಮೂರು ಲಕ್ಷ ಜನಸಂಖ್ಯೆಯ ನಗರಗಳಿಗೆ ಮಾತ್ರ. ನಾವು ನಾಲ್ಕೂ ಊರು ಕೂಡಿದರೂ ಅದರ ಅರ್ಧ ಮುಟ್ಟುವುದಿಲ್ಲ. ಹಳ್ಳಿಯವನಿಗೆ ಗ್ರಾಮಸಭೆ ಇದೆ, ದೊಡ್ಡ ನಗರದವನಿಗೆ ವಾರ್ಡ್ ಸಮಿತಿ ಇದೆ, ಸಣ್ಣ ಪಟ್ಟಣದವನಿಗೆ ಕೂತು ಮಾತಾಡಲು ಸಂವಿಧಾನ ಹಾಕಿಕೊಟ್ಟ ಜಗಲಿಯೇ ಇಲ್ಲ. ಕಡ್ಡಾಯವಿಲ್ಲದಿದ್ದರೆ ಬೇಡ, ನಾವೇ ಸೇರೋಣ. ಪ್ರತಿ ವಾರ್ಡಿನಲ್ಲಿ ಸದಸ್ಯರನ್ನು ಕರೆದು ಸಭೆ ಮಾಡೋಣ. ಪುರಸಭೆಗಳು ಬಜೆಟ್ಟಿಗೆ ಮುಂಚೆ ಸಾರ್ವಜನಿಕರ ಸಲಹೆ ಕೇಳುವ ಪೂರ್ವಭಾವಿ ಸಭೆ ಕರೆಯುತ್ತವೆ. ಆ ಸಭೆಯ ಕುರ್ಚಿಗಳು ಖಾಲಿ ಇದ್ದರೆ ಗುತ್ತಿಗೆದಾರರ ಸಲಹೆಯೇ ಊರಿನ ಸಲಹೆಯಾಗುತ್ತದೆ.

ಮಧ್ಯಾಹ್ನದ ಗೋಷ್ಠಿಯಲ್ಲಿ ನೀವು ನಿರ್ಣಯ ಬರೆಯುತ್ತೀರಿ. ಕಚೇರಿ ಮತ್ತು ಸಂತೆ ಪೇಟೆಯಲ್ಲೇ ಉಳಿಯಬೇಕು, ನೆಲದಡಿಯ ಕೆಲಸ ಮುಗಿಯದೆ ರಸ್ತೆ ಮಾಡಬಾರದು, ಬೀದಿ ವ್ಯಾಪಾರಿಗಳ ಸಮೀಕ್ಷೆ ಈ ವರ್ಷವೇ ಆಗಬೇಕು ಎಂಬ ಮೂರನ್ನಾದರೂ ಅದರಲ್ಲಿ ಸೇರಿಸಿ. ಬರೆದ ನಿರ್ಣಯವನ್ನು ಪತ್ರಿಕೆಗೆ ಕೊಟ್ಟು ಮನೆಗೆ ಹೋಗಬೇಡಿ. ಅದರ ಪ್ರತಿ ಹಿಡಿದು ನಿಮ್ಮ ನಿಮ್ಮ ಊರಿನ ಮುಂದಿನ ಬಜೆಟ್ ಪೂರ್ವಭಾವಿ ಸಭೆಗೆ, ನೆರೆಮನೆಯವರನ್ನೂ ಕರೆದುಕೊಂಡು, ತಪ್ಪದೆ ಹೋಗಿ.