ಯುಗಾದಿಯ ಸಂಕಲ್ಪವೂ ವ್ಯಸನದ ಚಿಕಿತ್ಸೆಯೂ

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

ಯುಗಾದಿಯು ಸಮೀಪಿಸಿರುವ ಈ ದಿನಗಳಲ್ಲಿ ದುಶ್ಚಟಗಳ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಅಪ್ಪಣೆಯಾಗಿರುವುದು. ಕುಡಿತದ ಕೇಡನ್ನು ವರ್ಣಿಸಿ ನಿಮ್ಮ ಹೊತ್ತನ್ನು ಕಳೆಯಲಾರೆನು. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯ ತಾಯಂದಿರ ಸಾಲಿನಲ್ಲಿಯೇ ಇದ್ದಾರೆ. ಕುಡಿತಕ್ಕೆ ಸಿಕ್ಕಿದವನು ಹೊಸ ವರ್ಷದ ದಿನ ಮಾಡತಕ್ಕ ಸಂಕಲ್ಪವು ಯಾವುದು, ಎಂಬುದೊಂದೇ ಇಂದಿನ ವಿಚಾರ.

ಯುಗಾದಿಯು ನಮ್ಮ ಒಕ್ಕಲುತನದ ಸೀಮೆಯಲ್ಲಿ ಕರಾರುಗಳ ಹಬ್ಬ. ಸಂಬಳದ ಆಳು ವರ್ಷದ ಮಾತನ್ನು ಹೊಸದು ಮಾಡಿಕೊಳ್ಳುವುದು ಅಂದೇ. ಎಣ್ಣೆನೀರೆರೆದುಕೊಂಡು, ಬೇವುಬೆಲ್ಲ ಸವಿದು, ಗದ್ದುಗೆಯನ್ನು ಮುಟ್ಟಿ “ಇನ್ನು ಹನಿಯನ್ನೂ ಮುಟ್ಟೆನು” ಎಂದು ಆಣೆಯಿಡುವವರೂ ಅಂದೇ ಬರುವರು. ಅವರಲ್ಲಿ ಕಪಟವಿಲ್ಲ, ಕಣ್ಣೀರು ನಿಜವಾದುದು. ಆದರೆ ಮರುದಿನವೇ ಕರಿ. ಗೆಳೆಯರು ಕೂಗುವರು, ಮೈ ನಡುಗುವುದು, ಮೂರನೆಯ ದಿನಕ್ಕೆ ಆಣೆಯು ಮುರಿದಿರುವುದು. ಮುರಿದ ಮೇಲೆ ಆತನು ನಾಚಿಕೆಯಿಂದ ಮಠದ ಕಡೆಗೆ ಮೋರೆ ಹಾಕುವುದಿಲ್ಲ. ಆಣೆ ಮುರಿದುದಕ್ಕಿಂತ ಇದೇ ದೊಡ್ಡ ನಷ್ಟವೆಂದು ನನ್ನ ಮತ. ಮನೆಯವರನ್ನು ಬಿಟ್ಟರೆ ಆತನನ್ನು ಹಿಡಿದು ನಿಲ್ಲಿಸಬಲ್ಲ ಸ್ಥಳವು ಇದೊಂದೇ ಇದ್ದಿತು.

ಆಣೆಯು ಮುರಿಯುವುದೇಕೆ? ಮನಸ್ಸು ದುರ್ಬಲವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ವೈದ್ಯಶಾಸ್ತ್ರವು ಹೇಳುವುದು ಬೇರೆ. ವರ್ಷಗಟ್ಟಲೆ ನಿತ್ಯವೂ ಹೆಂಡವನ್ನು ಕುಡಿದವನ ಮಿದುಳು ಆ ಮತ್ತಿನ ಭಾರಕ್ಕೆ ಎದುರು ನಿಂತು ತನ್ನನ್ನು ಹದಗೊಳಿಸಿಕೊಂಡಿರುತ್ತದೆ. ಭಾರವನ್ನು ಥಟ್ಟನೆ ತೆಗೆದರೆ ಅಂಕೆ ತಪ್ಪಿ ಕೆರಳುತ್ತದೆ. ಕಡೆಯ ಗುಟುಕಿನಿಂದ ಆರೆಂಟು ಗಂಟೆಗಳೊಳಗೆ ಕೈನಡುಕ, ಬೆವರು, ಓಕರಿಕೆ, ನಿದ್ರೆಗೇಡು ತೋರುವುವು. ಕೆಲವರಿಗೆ ಒಂದೆರಡು ದಿನಗಳಲ್ಲಿ ಫಿಟ್ಸು ಬರುವುದು. ಎರಡು ಮೂರು ದಿನ ಕಳೆದ ಮೇಲೆ ಇನ್ನು ಕೆಲವರಿಗೆ ಬುದ್ಧಿಭ್ರಮಣೆಯಾಗಿ, ಇಲ್ಲದ ಹುಳುಹುಪ್ಪಟೆಗಳು ಗೋಡೆಯ ಮೇಲೆ ಹರಿದಂತೆ ಕಾಣುವುವು. ಊರಿನವರು ಇದನ್ನು ಗಾಳಿಯೆಂದು ಬಗೆದು ಬೇವಿನ ಸೊಪ್ಪು ಹಿಡಿದು ಕೂಡುವರು. ಅಷ್ಟರೊಳಗೆ ಪ್ರಾಣವೇ ಹೋಗುವುದುಂಟು. ಹೀಗಾಗಿ ಹೆಚ್ಚಾಗಿ ಕುಡಿಯುವವರಲ್ಲಿ ಮಾತಿಗೆ ತಪ್ಪಿದವನು ಬದುಕಿ, ಮಾತನ್ನು ಉಳಿಸಿಕೊಂಡವನೇ ಅಪಾಯಕ್ಕೆ ಗುರಿಯಾಗುವನು! ಇದೇ ಮನುಷ್ಯನನ್ನು ವೈದ್ಯರ ಕಣ್ಣಳತೆಯಲ್ಲಿ ಒಂದು ವಾರದ ಮಟ್ಟಿಗೆ ಇರಿಸಿ, ನಡುಕವನ್ನು ಅಡಗಿಸುವ ಔಷಧವನ್ನು ದಿನದಿನಕ್ಕೆ ಇಳಿಸುತ್ತ ಕೊಟ್ಟು, ಬಿ-1 ಜೀವಸತ್ತ್ವದ ಚುಚ್ಚುಮದ್ದನ್ನು ಹಾಕಿದರೆ ಆ ಗಂಡಾಂತರವು ಬಹುಮಟ್ಟಿಗೆ ಕಳೆಯುವುದು. ಆಮೇಲೆ ಆಸೆಯನ್ನು ತಗ್ಗಿಸುವ ಮಾತ್ರೆಗಳೂ ತಿಂಗಳುಗಟ್ಟಲೆಯ ಆಪ್ತಸಲಹೆಯೂ ಬೇಕು.

ಆದುದರಿಂದ “ಮುಟ್ಟೆನು” ಎಂಬ ಆಣೆಗೆ ಮುಂಚೆ “ವೈದ್ಯರಲ್ಲಿಗೆ ಹೋಗುವೆನು” ಎಂಬ ಆಣೆಯು ಬರಬೇಕು. ಇದನ್ನು ಕೇಳಿ ಕೆಲವು ಹಿರಿಯರು, ಗುರುವಿನ ಮಾತಿಗಿಂತ ಗುಳಿಗೆಯು ದೊಡ್ಡದಾಯಿತೆ, ಎಂದು ಬೇಸರಪಡಬಹುದು. ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳನ್ನು ಅವರು ನೆನೆಯಲಿ. ಕಾಳುಕಡಿ ಬೇಡುವ ಜೋಳಿಗೆಯನ್ನು ಹೆಗಲಿಗೇರಿಸಿ, “ನಿಮ್ಮ ದುಶ್ಚಟಗಳನ್ನು ಇದಕ್ಕೆ ಹಾಕಿರಿ” ಎಂದು ಅವರು 1975ರಲ್ಲಿ ಹೊರಟರು. 2018ರಲ್ಲಿ ಲಿಂಗೈಕ್ಯರಾಗುವವರೆಗೂ ಆ ಕಾರ್ಯವನ್ನು ಬಿಡಲಿಲ್ಲ. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಕುಡುಕನು ನಾಚಿಕೆ ಬಿಟ್ಟು ಮಠಕ್ಕೆ ಬರಲಿ ಎಂದು ಕಾದು ಕೂಡದೆ ಅವರು ತಾವೇ ಆತನ ಬಾಗಿಲಿಗೆ ಹೋದುದು ನನಗೆ ಎಲ್ಲಕ್ಕಿಂತ ಹಿರಿದಾಗಿ ಕಾಣುವುದು. ಗುರುವಿನ ಮಾತಿನಿಂದ ಮನಸ್ಸು ತಿರುಗುವುದು. ತಿರುಗಿದ ಮನಸ್ಸನ್ನು ಹೊತ್ತು ನಡೆಯತಕ್ಕ ದೇಹಕ್ಕೆ ಔಷಧ ಬೇಡವೆ?

ಕಾಯಿದೆಯಿಂದಲೇ ಇದು ಮುಗಿಯುವಂತಿದ್ದರೆ ಎಂದೋ ಮುಗಿಯಬೇಕಾಗಿತ್ತು. ನಮ್ಮ ತಾಲ್ಲೂಕುಗಳು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಆರಂಭವಾದ ಪಾನನಿರೋಧವು 1948ರ ವೇಳೆಗೆ ಆ ಪ್ರಾಂತವನ್ನೆಲ್ಲ ವ್ಯಾಪಿಸಿತು. ಮುಂದೆ ಆ ಕಾಯಿದೆಯು ಅಳಿಯಿತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿಯನ್ನು ನಿಲ್ಲಿಸಿದರು. ಸಾರಾಯಿ ಹೋಗಿ ಅಗ್ಗದ ವಿಸ್ಕಿಯು ಕಾಗದದ ಪೊಟ್ಟಣದಲ್ಲಿ ಬಂದಿತು. ಇಷ್ಟು ಸಾಕು.

ನಮ್ಮ ಸೀಮೆಯವರು ಹೆಮ್ಮೆಪಡಬೇಕಾದ, ಆದರೆ ಮರೆತಿರುವ, ಸಂಗತಿಯೊಂದುಂಟು. ಮನಸ್ಸಿನ ರೋಗಗಳಿಗೆ ದೂರದ ದೊಡ್ಡ ಆಸ್ಪತ್ರೆಗೆ ಅಲೆಯದೆ ಹಳ್ಳಿಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿಯೇ ಚಿಕಿತ್ಸೆ ದೊರೆಯುವಂತೆ ಮಾಡಬಹುದೆ, ಎಂಬ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1985ರಲ್ಲಿ ಕೈಕೊಂಡುದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ. ಆಗ ಹರಪನಹಳ್ಳಿಯೂ ಇದೇ ಜಿಲ್ಲೆಗೆ ಸೇರಿದ್ದಿತು. ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿಯನ್ನಿತ್ತು ನಡೆಸಿದ ಈ ಪದ್ಧತಿಗೆ ‘ಬಳ್ಳಾರಿ ಮಾದರಿ’ಯೆಂದು ಹೆಸರಾಯಿತು, 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲೆಲ್ಲ ಅದರ ಮೇಲೆಯೇ ನಿಂತಿತು. 2021ರಲ್ಲಿ ನಾವು ವಿಜಯನಗರ ಜಿಲ್ಲೆಯವರಾದೆವು. ಹೆಸರು ಬದಲಾದರೂ ಆ ದಾರಿಯನ್ನು ದೇಶಕ್ಕೆ ತೋರಿಸಿದ ಸೀಮೆ ನಮ್ಮದೇ. ನಮ್ಮವನೊಬ್ಬನು ಇಂದಿಗೂ ಆಸ್ಪತ್ರೆಯ ಮೆಟ್ಟಿಲೇರಲು “ಹುಚ್ಚನೆಂದಾರು” ಎಂದು ಅಂಜುವುದು ವಿಚಿತ್ರವಲ್ಲವೆ!

ತಾಯಂದಿರಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ‘ಕುಡುಕನಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿರಿ’ ಎಂದು ಸಾರಿ ಮಾರುವ ಪುಡಿಗಳನ್ನು ನಂಬಬೇಡಿರಿ. ಡೈಸಲ್ಫಿರಾಮ್ ಎಂಬ ಔಷಧವೊಂದುಂಟು. ಅದನ್ನು ಸೇವಿಸಿದವನು ಕುಡಿದರೆ ಮೋರೆ ಕೆಂಪೇರಿ, ವಾಂತಿಯಾಗಿ, ಎದೆ ಬಡಿದುಕೊಂಡು, ರಕ್ತದ ಒತ್ತಡವು ಕುಸಿಯುವುದು. ವೈದ್ಯರು ಪರೀಕ್ಷಿಸಿ, ರೋಗಿಯು ತಿಳಿದು ಒಪ್ಪಿದ ಮೇಲೆ ಮಾತ್ರ ಕೊಡತಕ್ಕ ಮದ್ದು ಅದು. ಕದ್ದು ಬೆರೆಸಿದ ಮುದ್ದೆಯನ್ನುಂಡು ಆತನು ಅಂಗಡಿಗೆ ಹೋದರೆ, ಗಂಡನನ್ನು ಉಳಿಸಹೊರಟ ಕೈಯೇ ಆತನನ್ನು ಕೊಂದೀತು. ಹಾಗೆಯೇ ಕಟ್ಟಿಹಾಕಿ ಬಿಡಿಸುತ್ತೇವೆನ್ನುವವರ ವಶಕ್ಕೂ ಒಪ್ಪಿಸಬೇಡಿರಿ. 2017ರ ಮಾನಸಿಕ ಆರೋಗ್ಯ ಆರೈಕೆಯ ಕಾಯಿದೆಯು ಮದ್ಯ ಮಾದಕಗಳಿಂದಾದ ಮನೋರೋಗವನ್ನು ಚಿಕಿತ್ಸೆಗೆ ಅರ್ಹವಾದ ರೋಗವೆಂದೇ ಎಣಿಸಿ, ಸರಪಳಿ ಹಾಕುವುದನ್ನು ನಿಷೇಧಿಸಿದೆ.

ಚಿಕಿತ್ಸೆಯಾದ ಮೇಲೂ ಮತ್ತೆ ಎಡವುವವರಿದ್ದಾರೆ. ಮಧುಮೇಹಿಯ ಸಕ್ಕರೆ ಏರಿದರೆ ಮರಳಿ ವೈದ್ಯರ ಬಳಿಗೆ ಕಳುಹಿಸುವೆವೇ ಹೊರತು ಮನೆಯಿಂದ ನೂಕುವುದಿಲ್ಲ. 1935ರಲ್ಲಿ ಅಮೆರಿಕದ ಅಕ್ರಾನ್ ಪಟ್ಟಣದಲ್ಲಿ ಕುಡಿತದಿಂದ ಕೆಟ್ಟಿದ್ದ ಒಬ್ಬ ಷೇರು ವ್ಯವಹಾರದವನೂ ಒಬ್ಬ ಶಸ್ತ್ರವೈದ್ಯನೂ ಕೂಡಿ ಒಬ್ಬರಿಗೊಬ್ಬರು ಊರುಗೋಲಾದರು; ಅನಾಮಿಕ ಮದ್ಯವ್ಯಸನಿಗಳ ಕೂಟವು ಅಲ್ಲಿ ಹುಟ್ಟಿ ಲೋಕವನ್ನೆಲ್ಲ ಹಬ್ಬಿತು. ಬಿಟ್ಟವನ ಮಾತು ಬಿಡಬೇಕೆಂಬವನಿಗೆ ನಾಟುವಷ್ಟು ನಮ್ಮಂಥವರ ಉಪನ್ಯಾಸವು ನಾಟದು. ಮಠದ ಒಂದು ಕೊಠಡಿಯನ್ನು ವಾರಕ್ಕೊಂದು ಸಂಜೆ ಅಂಥವರಿಗೆ ಬಿಟ್ಟುಕೊಡಬೇಕೆಂದು ಶ್ರೀಗಳವರಲ್ಲಿ ನನ್ನ ಬಿನ್ನಹ.

ಈ ವರ್ಷ ಯುಗಾದಿಗೆ ಗದ್ದುಗೆಯನ್ನು ಮುಟ್ಟತಕ್ಕವರು ಹಿಂದಿನ ದಿನವೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ವಿಚಾರಿಸಿಕೊಂಡಿರಲಿ. ನಿತ್ಯ ಕುಡಿಯುವವರು ವೈದ್ಯರನ್ನು ಕಾಣದೆ ಥಟ್ಟನೆ ನಿಲ್ಲಿಸದಿರಲಿ. ಹೋಗಲು ಅಂಜಿಕೆಯಾದರೆ 14416 ಎಂಬ ಟೆಲಿ-ಮಾನಸ್ ಸಂಖ್ಯೆಗಾಗಲಿ, ವ್ಯಸನಮುಕ್ತಿಯ 14446 ಸಂಖ್ಯೆಗಾಗಲಿ ಮನೆಯಿಂದಲೇ ಕರೆಮಾಡಿ ಮಾತನಾಡಬಹುದು. ಜೊತೆಗೆ ಮನೆಯವರೊಬ್ಬರು ಹೋಗಬೇಕು. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು, ಹಿಂದೆ ಬಿಟ್ಟಾಗ ಫಿಟ್ಸು ಬಂದಿತ್ತೆ, ಕಡೆಯ ಸಲ ಕುಡಿದುದು ಎಷ್ಟು ಹೊತ್ತಿಗೆ, ಎಂಬ ನಾಲ್ಕನ್ನೂ ಮುಚ್ಚದೆ ವೈದ್ಯರಿಗೆ ತಿಳಿಸಬೇಕು. ಆತನು ಸಂಕೋಚದಿಂದ ಅರ್ಧ ಹೇಳಿದರೆ ಉಳಿದರ್ಧವನ್ನು ಹೆಂಡತಿಯಾಗಲಿ ತಾಯಿಯಾಗಲಿ ಹೇಳಲಿ.