'ಅಯ್ಯೋ ಪಾಪ' ಎಂದರೆ ಸಾಕೆ?



ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವಳು ನಾನು. ಇಂದು ಒಂದೇ ಒಂದು ಇಂಗ್ಲಿಷ್ ಪದದ ಬಗ್ಗೆ ಮಾತಾಡುತ್ತೇನೆ. ಇಂಗ್ಲಿಷ್ ಬಾರದವರು ಗಾಬರಿಯಾಗಬೇಡಿ. ಪದ ಅವರದಾದರೂ ಸಂಕಟ ನಮ್ಮದೇ.

ಆ ಪದ 'ಕಮಿಸರೇಟ್'. ಲ್ಯಾಟಿನ್ ಭಾಷೆಯಿಂದ ಬಂದ ಕ್ರಿಯಾಪದ. ಮೊದಲ ಭಾಗಕ್ಕೆ 'ಕೂಡಿ' ಎಂದೂ ಉಳಿದ ಭಾಗಕ್ಕೆ 'ಮರುಗುವುದು' ಎಂದೂ ಅರ್ಥ. ಈಗಿನ ಬಳಕೆಯಲ್ಲಿ ಅದಾದ ಮೇಲೆ 'ವಿತ್' ಎಂಬ ಪದ ಬರಬೇಕು. ಅದಕ್ಕೂ 'ಜೊತೆಗೆ' ಎಂದೇ ಅರ್ಥ. ಪರೀಕ್ಷೆಯಲ್ಲಿ 'ವಿತ್' ಬರೆಯದವರಿಗೆ ನಾನು ಒಂದು ಅಂಕ ಕಡಿಯುತ್ತಿದ್ದೆ.

ನಮ್ಮಲ್ಲೂ 'ಅನುಕಂಪ' ಎನ್ನುತ್ತೇವೆ. ಕಂಪ ಎಂದರೆ ನಡುಕ. ಇನ್ನೊಬ್ಬರು ನಡುಗಿದಾಗ ನಾವೂ ನಡುಗುವುದು ಅನುಕಂಪ.

ಒಮ್ಮೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ತೋಳಿನ ಮೇಲೆ ಬಾಸುಂಡೆ. "ಸ್ಕೂಟರಿಗೆ ತವರಿನಿಂದ ದುಡ್ಡು ತಾ ಅಂತ ಹೊಡೀತಾರೆ ಮೇಡಂ" ಎಂದಳು. ನಾನೂ ಅವಳೊಂದಿಗೆ ಅತ್ತುಬಿಟ್ಟೆ. ಕಾಫಿ ಕೊಟ್ಟೆ. "ಅಯ್ಯೋ ಪಾಪ, ಸ್ವಲ್ಪ ಸಹಿಸಿಕೋ ಮಗಳೇ, ಒಂದು ಮಗು ಆದರೆ ಎಲ್ಲ ಸರಿಹೋಗುತ್ತದೆ" ಎಂದು ಹೇಳಿ ಬಸ್ಸು ಹತ್ತಿಸಿ ಬಂದೆ.

ಅವಳ ಜೀವ ಉಳಿದದ್ದು ಪಕ್ಕದ ಮನೆಯ ಬೀಡಿ ಕಟ್ಟುವ ಹೆಂಗಸಿನಿಂದ. ಒಂದು ರಾತ್ರಿ ಚೀರಾಟ ಕೇಳಿ ಆಕೆ ಬಾಗಿಲು ಬಡಿದು ಒಳಗೆ ನುಗ್ಗಿದಳಂತೆ. ಇವಳ ಕೈಹಿಡಿದು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದಳಂತೆ. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ನನ್ನ ವಿದ್ಯಾರ್ಥಿನಿ ಮತ್ತೆ ನನ್ನ ಮನೆಗೆ ಬರಲಿಲ್ಲ. ಏಕೆ ಬರಬೇಕಿತ್ತು, ಹೇಳಿ?

'ಬೇರೆಯವರ ಮನೆ ವಿಷಯ ನಮಗೇಕೆ' ಎನ್ನುವವರಿದ್ದಾರೆ. ಅವರು ತಿಳಿಯಲಿ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರಿಂದ ಜಾರಿಯಲ್ಲಿದೆ. ಅದರ 4ನೇ ಕಲಮಿನ ಪ್ರಕಾರ, ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣವಿದ್ದರೆ ಯಾರೇ ಆಗಲಿ, ನೆರೆಯವರೂ ಸಹ, ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರನ್ನು ಆ ಕಾರಣಕ್ಕೆ ಹೊಣೆ ಮಾಡುವಂತಿಲ್ಲ. ಮಹಿಳಾ ಸಹಾಯವಾಣಿ 181 ಇದೆ. ಸಂಘದ ಪುಸ್ತಕದ ಮೊದಲ ಹಾಳೆಯಲ್ಲೇ ಬರೆದಿಟ್ಟುಕೊಳ್ಳಿ.

ಕೊನೆಗೊಂದು ಮಾತು. ಸಾಲದ ಕಂತು ಕಟ್ಟದಿದ್ದರೆ ನಾವು ಅವಳ ಮನೆ ಬಾಗಿಲಿಗೆ ಹೋಗುತ್ತೇವೆ. ಎರಡು ವಾರ ಸಭೆಗೆ ಬಾರದವಳ ಮನೆಗೂ ಹಾಗೆಯೇ ಹೋಗೋಣ. ಒಬ್ಬರೇ ಬೇಡ, ಇಬ್ಬರು ಮೂವರು ಕೂಡಿ. ಅವಳು ಅತ್ತರೆ ನಾವೂ ಅಳೋಣ, ತಪ್ಪಿಲ್ಲ. ಆಮೇಲೆ ಎದ್ದು, ಅವಳು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಜೊತೆಗೆ ಹೋಗೋಣ.